ಬಸ್ಸು ಬಂದರೆ ಸಂತೆ, ಬಾರದಿದ್ದರೆ ಚಿಂತೆ

ಮಳೆಗಾಲ ಬಂತೆಂದರೆ ನಮ್ಮ ದಂಡೋತಿಯವರು ಆಕಾಶಕ್ಕಿಂತ ಹೆಚ್ಚಾಗಿ ಸೇತುವೆಯನ್ನು ನೋಡುತ್ತಾರೆ. ಕಾಗಿಣಾ ನದಿ ತುಂಬಿ ಸೇತುವೆಯ ಮೇಲೆ ಹರಿಯಿತೆಂದರೆ ಚಿತ್ತಾಪುರದಿಂದ ಕಲಬುರಗಿಗೆ ಹೋಗುವ ರಸ್ತೆ ಅಲ್ಲಿಗೇ ಮುಗಿಯಿತು. 2020ರ ಅಕ್ಟೋಬರ್‌ನಲ್ಲಿ ಹೀಗಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಆಯಿತು. ಬಸ್ಸುಗಳು ಆಚೆ ದಡದಲ್ಲಿ, ಜನ ಈಚೆ ದಡದಲ್ಲಿ!

ಇಂಥ ದಿನಗಳಲ್ಲಿ ಶಾಲೆ ತೆರೆದಿದ್ದರೂ ಅರ್ಧ ಬೆಂಚುಗಳು ಖಾಲಿ. ನಾನು ಹಾಜರಿ ಪುಸ್ತಕ ಮುಚ್ಚಿಟ್ಟು ಹೊರಗೆ ಬಂದಾಗ ಬಸ್ ನಿಲ್ದಾಣದ ಚಹಾದಂಗಡಿಯ ಕಾಕಾ ನಕ್ಕು ಹೇಳಿದ ಮಾತು ಇದು:

“ಸರ್, ನೀವು ಹಾಜರಿ ಪುಸ್ತಕದಾಗ ನೋಡ್ತೀರಿ, ನಾ ಹಾಲಿನ ಪಾತೇಲಿದಾಗ ನೋಡ್ತೀನಿ. ಬಸ್ ಬರ್ಲಿಲ್ಲಂದ್ರ ಇಬ್ರಿಗೂ ಗೊತ್ತಾಗ್ತದ.”

ಎಷ್ಟು ನಿಜ! ಶಾಲೆಗೂ ಅಂಗಡಿಗೂ ಒಂದೇ ಬಸ್ಸು ಜೀವಾಳ. ಅದು ಬಂದರೆ ನನ್ನ ಮುಂದೆ ಮಕ್ಕಳು, ಅವರ ಮುಂದೆ ಗಿರಾಕಿಗಳು.

ಹೊಳೆ ಇಳಿದರೆ ಬಸ್ಸು ಮತ್ತೆ ಬರುತ್ತದೆ. ಆದರೆ ಬಸ್ಸನ್ನು ನಿಲ್ಲಿಸುವ ಇನ್ನೊಂದು ಕಾರಣವಿದೆ. ಅದು ಹಣದ ಹರಿವು. ನೀರು ಹೆಚ್ಚಾಗಿ ಬಸ್ಸು ನಿಂತರೆ ಊರಿಗೆಲ್ಲ ಕಾಣುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಹಣ ಕಡಿಮೆಯಾಗಿ ಸಂಜೆಯ ಒಂದು ಟ್ರಿಪ್ಪು ಸದ್ದಿಲ್ಲದೆ ಕಡಿತವಾದರೆ ಅದು ಕಾಣುವುದು ಇಬ್ಬರಿಗೆ ಮಾತ್ರ: ಆ ಬಸ್ಸಿಗೆ ಕಾದು ನಿಂತ ವಿದ್ಯಾರ್ಥಿನಿಗೆ, ಮತ್ತು ಆ ಬಸ್ಸಿನ ಗಿರಾಕಿಗೆ ಕಾದು ಕೂತ ಅಂಗಡಿಯವನಿಗೆ. ವಿದ್ಯಾರ್ಥಿನಿಯ ದನಿ ಬಹು ದೂರ ಕೇಳಿಸದು. ಅಂಗಡಿಯವನ ದನಿ ಕೇಳಿಸೀತು. ಆದ್ದರಿಂದ ಬಸ್ಸಿಗೆ ಸ್ಥಿರವಾದ ಹಣ ಬೇಕೆಂದು ಕೇಳುವ ಕೆಲಸವನ್ನು ನಮ್ಮ ವ್ಯಾಪಾರಿಗಳೂ ಕೈಗೆತ್ತಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ತರಗತಿಯ ಒಂದು ಪ್ರಶ್ನೆ

ಒಂಬತ್ತನೆಯ ತರಗತಿಯಲ್ಲಿ ನ್ಯೂಟನ್ನನ ಮೊದಲ ನಿಯಮ ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬ ಹುಡುಗನಾದರೂ ಒಂದು ಪ್ರಶ್ನೆ ಕೇಳುತ್ತಾನೆ. “ಸರ್, ಚಲಿಸುವ ವಸ್ತು ಹೊರಗಿನ ಬಲ ಇಲ್ಲದಿದ್ದರೆ ಹಾಗೇ ಚಲಿಸ್ತಾ ಇರ್ತದ ಅಂತೀರಿ. ಮತ್ತ ಬಸ್ ಒಂದೇ ವೇಗದಾಗ ಹೊಂಟಾಗ ಡ್ರೈವರ್ ಯಾಕ ಆಕ್ಸಿಲರೇಟರ್ ಒತ್ತಿ ಹಿಡೀತಾನ?”

ಒಳ್ಳೆಯ ಪ್ರಶ್ನೆ. ಉತ್ತರ: ಘರ್ಷಣೆ. ರಸ್ತೆ ಮತ್ತು ಗಾಲಿಯ ನಡುವೆ, ಯಂತ್ರದ ಭಾಗಗಳ ನಡುವೆ, ಗಾಳಿ ಮತ್ತು ಬಸ್ಸಿನ ಮೈ ನಡುವೆ ಎಡೆಬಿಡದೆ ತಡೆ ಇರುತ್ತದೆ. ಆ ತಡೆಯನ್ನು ಗೆಲ್ಲಲು ಕ್ಷಣಕ್ಷಣವೂ ಡೀಸೆಲ್ ಉರಿಯಬೇಕು. ನಿಂತ ಬಸ್ಸನ್ನು ಹೊರಡಿಸಲು ಒಮ್ಮೆ ದೊಡ್ಡ ಬಲ ಬೇಕು, ಹೊರಟ ಬಸ್ಸನ್ನು ಓಡಿಸುತ್ತಿರಲು ಸದಾ ಸಣ್ಣ ಬಲ ಬೇಕು. ಎರಡೂ ಬೇರೆ ಬೇರೆ.

ಸರ್ಕಾರದ ಹಣದಲ್ಲೂ ಹೀಗೆಯೇ ಎರಡು ಬಗೆ. ಹೊಸ ಬಸ್ಸು ಕೊಳ್ಳಲು, ನಿಲ್ದಾಣ ಕಟ್ಟಲು ಕೊಡುವುದು ಬಂಡವಾಳದ ಹಣ. ಹೊಸ ಬಸ್ಸಿಗೆ ಹೂಮಾಲೆ ಬೀಳುತ್ತದೆ, ಹಸಿರು ನಿಶಾನೆ ಏಳುತ್ತದೆ. ಡೀಸೆಲ್, ಟೈರು, ಬಿಡಿಭಾಗ, ಚಾಲಕ–ನಿರ್ವಾಹಕರ ಸಂಬಳ, ಇವು ದಿನದಿನದ ಘರ್ಷಣೆಯನ್ನು ಗೆಲ್ಲುವ ಹಣ. ಅದಕ್ಕೆ ಯಾರೂ ಹೂಮಾಲೆ ಹಾಕುವುದಿಲ್ಲ. ಅದು ತಡವಾದಾಗಲೇ ಬಸ್ಸು ಡಿಪೋದಲ್ಲಿ ನಿಲ್ಲುವುದು.

‘ಗ್ಯಾರಂಟಿ’ ಎಂಬ ಹಳೆಯ ಮಾತು

ನಮ್ಮ ಭಾಗಕ್ಕೆ ಈ ಪಾಠ ಹೊಸದಲ್ಲ. ಮುಂಬಯಿ ಕಡೆಯಿಂದ ಬಂದ ರೈಲು ಕಲಬುರಗಿ, ಶಹಾಬಾದ, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹಳಿ ಬಿತ್ತು. ಮುಂದೆ ಈ ಮಾರ್ಗವನ್ನು ನಡೆಸಿದ ಕಂಪನಿಯ ಹೆಸರೇನು ಗೊತ್ತೇ? ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’. ಹಣ ಹೂಡಿದವರಿಗೆ ವರ್ಷಕ್ಕೆ ಇಂತಿಷ್ಟು ಪ್ರತಿಫಲ ಬಂದೇ ಬರುತ್ತದೆಂದು ನಿಜಾಮರ ಸರ್ಕಾರ ಖಾತ್ರಿ ಕೊಟ್ಟಿತ್ತು. ಅದಕ್ಕೇ ಆ ಹೆಸರು! ಖಾತ್ರಿ ಸಿಕ್ಕದ್ದು ಪ್ರಯಾಣಿಕರಿಗಲ್ಲ, ಹೂಡಿಕೆದಾರರಿಗೆ ಎಂಬುದನ್ನು ಮರೆಯಬಾರದು. ಆದರೂ ಸ್ಥಿರವಾದ ಹಣದ ಭರವಸೆ ಇಲ್ಲದೆ ದೊಡ್ಡ ಸಾರಿಗೆ ವ್ಯವಸ್ಥೆ ಏಳುವುದಿಲ್ಲವೆಂಬ ತಿಳಿವಳಿಕೆ ಆಗಲೇ ಇತ್ತು.

1930ರಲ್ಲಿ ಸಂಸ್ಥಾನವೇ ರೈಲ್ವೆಯನ್ನು ಕೊಂಡುಕೊಂಡಿತು. ಎರಡೇ ವರ್ಷದಲ್ಲಿ, 1932ರಲ್ಲಿ, ಆ ರೈಲ್ವೆಯದೇ ಒಂದು ವಿಭಾಗವಾಗಿ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಆಗ ಅದರಲ್ಲಿ 27 ಬಸ್ಸು, 166 ನೌಕರರು. ರೈಲಿನ ಬಲವಾದ ಹೆಗಲ ಮೇಲೆ ಬಸ್ಸೆಂಬ ಕೂಸು ಕೂತಿತ್ತು.

1956ರಲ್ಲಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮ ಹುಟ್ಟಿತು. 2000ದಲ್ಲಿ ಅದರಿಂದ ಬೇರೆಯಾಗಿ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಕಲಬುರಗಿಯಲ್ಲಿ ನೆಲೆಗೊಂಡಿತು. 2021ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ.

ಈ ನಿಗಮಗಳಿಗೆಲ್ಲ ತಾಯಿಬೇರು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಅದರ 3ನೆಯ ಕಲಮು ಓದಿ ನೋಡಿ. ರಸ್ತೆ ಸಾರಿಗೆಯ ಬೆಳವಣಿಗೆಯಿಂದ ಸಾರ್ವಜನಿಕರಿಗೆ, ವ್ಯಾಪಾರಕ್ಕೆ ಮತ್ತು ಕೈಗಾರಿಕೆಗೆ ಆಗುವ ಅನುಕೂಲವನ್ನು ಗಮನಿಸಿ ಸರ್ಕಾರ ನಿಗಮ ಸ್ಥಾಪಿಸಬಹುದು ಎಂಬ ಅರ್ಥ ಅಲ್ಲಿದೆ. ಅಂದರೆ ಬಸ್ಸಿನ ವಿಷಯದಲ್ಲಿ ಮಾತಾಡುವ ವ್ಯಾಪಾರಿ ತನಗೆ ಸಂಬಂಧವಿಲ್ಲದ ವಿಷಯಕ್ಕೆ ತಲೆ ಹಾಕುತ್ತಿಲ್ಲ. ಕಾಯ್ದೆಯೇ ಅವನನ್ನು ಸಾರ್ವಜನಿಕರ ಪಕ್ಕದಲ್ಲಿ ಕೂರಿಸಿದೆ.

ಅದೇ ಕಾಯ್ದೆ ಎರಡು ಕರ್ತವ್ಯಗಳನ್ನು ಹೇಳುತ್ತದೆ. 18ನೆಯ ಕಲಮಿನ ಪ್ರಕಾರ ನಿಗಮವು ಜನರಿಗೆ ಸಾಕಾಗುವಷ್ಟು, ದಕ್ಷವಾದ, ಮಿತವ್ಯಯದ ಸಾರಿಗೆ ಒದಗಿಸಬೇಕು. 22ನೆಯ ಕಲಮಿನ ಪ್ರಕಾರ ವ್ಯವಹಾರದ ತತ್ವದ ಮೇಲೆ ನಡೆಯಬೇಕು. ಹಳ್ಳಿಯ ಮಾರ್ಗದಲ್ಲಿ ಇವೆರಡೂ ಜಗಳಾಡುತ್ತವೆ. ಹೇಗೆಂದು ನೋಡೋಣ.

ಟಿಕೆಟ್ ಯಂತ್ರಕ್ಕೆ ಕಾಣದ ಲೆಕ್ಕ

ಮಕ್ಕಳೇ, ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಇದು ಲೆಕ್ಕಕ್ಕೆಂದು ಹಿಡಿದ ಅಂಕಿ, ನಿಮ್ಮೂರಿನ ಅಂಕಿ ನೀವೇ ಹಾಕಿಕೊಳ್ಳಬಹುದು. ಒಂದು ಬಸ್ಸು ದಿನಕ್ಕೆ 300 ಕಿಲೋಮೀಟರ್ ಓಡುತ್ತದೆ ಎನ್ನಿ. ಲೀಟರಿಗೆ ಸುಮಾರು 5 ಕಿಲೋಮೀಟರ್ ಎಂದರೆ 60 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 5,400 ರೂಪಾಯಿ. ಇದರ ಮೇಲೆ ಸಂಬಳ, ಟೈರು, ದುರಸ್ತಿ, ವಿಮೆ.

ಬೆಳಿಗ್ಗೆ ಹಳ್ಳಿಯಿಂದ ಪಟ್ಟಣಕ್ಕೆ ಬರುವ ಬಸ್ಸು ತುಂಬಿ ತುಳುಕುತ್ತದೆ. ಆದರೆ ಆ ಬಸ್ಸು ಹಳ್ಳಿಗೆ ಹೋದಾಗ ಬಹುಪಾಲು ಖಾಲಿಯೇ ಹೋಗಿತ್ತಲ್ಲ? ಒಂದು ಕಡೆಯ ಆದಾಯ ಎರಡು ಕಡೆಯ ಖರ್ಚನ್ನು ಹೊರಬೇಕು. ಟಿಕೆಟ್ ಯಂತ್ರ ಹೇಳುತ್ತದೆ: ‘ಈ ಮಾರ್ಗ ನಷ್ಟ.’

ಈಗ ಯಂತ್ರಕ್ಕೆ ಕಾಣದ ಲೆಕ್ಕ. ಸಂತೆಯ ದಿನ ಆ ಬಸ್ಸಿನಲ್ಲಿ 40 ಜನ ಇಳಿದರೆನ್ನಿ. ತಲೆಗೆ 200 ರೂಪಾಯಿ ಖರ್ಚು ಮಾಡಿದರೂ 8,000 ರೂಪಾಯಿ ಪೇಟೆಗೆ ಬಂತು. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಔಷಧಿ ಅಂಗಡಿ, ಸುಸಲಾ–ಭಜಿಯ ಹೋಟೆಲ್ಲು, ಎಲ್ಲಕ್ಕೂ ಪಾಲು ಹೋಯಿತು. ಇದೇ ಬಸ್ಸಿನಲ್ಲಿ ಶಹಾಬಾದಿ ಕಲ್ಲಿನ ಪಾಲಿಶ್ ಕೆಲಸದವರು, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ದಿನಗೂಲಿಯವರು, ತೊಗರಿ ಮಾರಿ ಬಂದ ರೈತರು ಇರುತ್ತಾರೆ. ಬಸ್ಸಿನ ಲಾಭ ಬಸ್ಸಿನೊಳಗೆ ಬೀಳುವುದಿಲ್ಲ, ಪೇಟೆಯಲ್ಲಿ ಬೀಳುತ್ತದೆ. ಹಾಗಾದರೆ ಬಸ್ಸಿನೊಳಗಿನ ಲೆಕ್ಕವನ್ನಷ್ಟೇ ನೋಡಿ ‘ನಷ್ಟ’ ಎಂದು ಷರಾ ಬರೆಯುವುದು ಸರಿಯೇ?

“ಟಂಟಂ, ಕ್ರೂಸರ್ ಅವಲ್ರಿ?” ಎಂದು ಕೆಲವರು ಕೇಳುತ್ತಾರೆ. ಇವೆ. ಅವರೂ ದುಡಿಯುವ ಜನ, ಬೈಯುವ ಮಾತೇ ಇಲ್ಲ. ಆದರೆ ಸೀಟು ತುಂಬಿದರೆ ಮಾತ್ರ ಅವರ ಗಾಡಿ ಹೊರಡಬೇಕು, ಇಲ್ಲದಿದ್ದರೆ ಅವರ ಹೊಟ್ಟೆ ತುಂಬದು. ಸಂಜೆ ಟ್ಯೂಶನ್ ಮುಗಿಸಿ ನಿಂತ ಇಬ್ಬರೇ ಹುಡುಗಿಯರಿಗಾಗಿ ಗಾಡಿ ಬಿಡಿರೆಂದು ಅವರನ್ನು ಕೇಳುವ ಹಕ್ಕು ನಮಗಿಲ್ಲ. ಸಾರ್ವಜನಿಕ ಬಸ್ಸನ್ನು ಕೇಳುವ ಹಕ್ಕಿದೆ. ವ್ಯತ್ಯಾಸ ಅಲ್ಲಿದೆ.

ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು, “ಸರ್, ಸಂಜಿ ಬಸ್ ಖಾತ್ರಿ ಇಲ್ಲಂದ್ರ ನಮ್ಮಪ್ಪ ಮುಂದ ಕಾಲೇಜಿಗಿ ಕಳಸಂಗಿಲ್ಲ ಅಂತಾನ್ರಿ” ಎಂದಳು. ಗಮನಿಸಿ, ಆಕೆ ‘ಬಸ್ ಇಲ್ಲ’ ಎನ್ನಲಿಲ್ಲ, ‘ಖಾತ್ರಿ ಇಲ್ಲ’ ಎಂದಳು. ಆ ತಂದೆ ಕೆಟ್ಟವನಲ್ಲ. ಕತ್ತಲಾದ ಮೇಲೆ ಮಗಳು ಹೇಗೆ ಬರುತ್ತಾಳೆಂದು ಹೆದರುವ ತಂದೆ. ವಾರಕ್ಕೆ ಐದು ದಿನ ಬಂದು ಒಂದು ದಿನ ಕೈ ಕೊಡುವ ಬಸ್ಸು ಅವನ ಪಾಲಿಗೆ ಇಲ್ಲದ ಬಸ್ಸೇ.

ಹಣ ತಡೆತಡೆದು ಬಂದಾಗ

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಯಿತು. ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ನಮ್ಮ ಕಡೆಯ ಪೇಟೆಗಳಲ್ಲೂ ಇದರ ಗುರುತು ಕಾಣುತ್ತದೆ. ಹಿಂದೆ ಗಂಡನ ಕೈಯಲ್ಲಿ ಚೀಟಿ ಕೊಟ್ಟು ಸಾಮಾನು ತರಿಸುತ್ತಿದ್ದ ತಾಯಂದಿರು ಈಗ ತಾವೇ ಬಂದು ಆರಿಸಿ ಕೊಳ್ಳುತ್ತಾರೆ.

ಆದರೆ ಉಚಿತವೆಂದರೆ ಖರ್ಚಿಲ್ಲವೆಂದಲ್ಲ. ಶೂನ್ಯ ದರದ ಟಿಕೆಟ್ಟಿನ ಹಣವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ವಿದ್ಯಾರ್ಥಿಗಳ ರಿಯಾಯಿತಿ ಪಾಸಿಗೂ ಸರ್ಕಾರದ ನೆರವು ಬೇಕು. ಅಂದರೆ ಪ್ರಯಾಣಿಕ ಕೈಯಾರೆ ಕೊಡುವ ಹಣದ ಪಾಲು ಕಡಿಮೆಯಾದಷ್ಟೂ ಖಜಾನೆಯಿಂದ ಬರುವ ಹಣದ ಮೇಲೆ ಬಸ್ಸು ಹೆಚ್ಚು ಅವಲಂಬಿಸುತ್ತದೆ. ಆ ಹಣ ಎಷ್ಟು ಎಂಬುದರಷ್ಟೇ, ಯಾವಾಗ ಬರುತ್ತದೆ ಎಂಬುದೂ ಮುಖ್ಯ. ಮನೆಯ ಯಜಮಾನ ವರ್ಷಕ್ಕೊಮ್ಮೆ ಮೂಟೆ ಜೋಳ ತಂದುಹಾಕಿದರೂ ದಿನದ ಹಾಲಿಗೆ ಚಿಲ್ಲರೆ ಇಲ್ಲದಿದ್ದರೆ ಮನೆಯೊಡತಿಯ ಪಾಡೇನು?

ಆ ಪಾಡಿನ ಗುರುತುಗಳು ನಮ್ಮ ಕಣ್ಣ ಮುಂದಿವೆ. 2021ರ ಏಪ್ರಿಲ್‌ನಲ್ಲಿ ವೇತನದ ಬೇಡಿಕೆಯಿಂದ ರಾಜ್ಯದ ಸಾರಿಗೆ ನೌಕರರ ಮುಷ್ಕರ ಎರಡು ವಾರ ನಡೆಯಿತು. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15ರಷ್ಟು ಏರಿತು. ಆ ಹೊತ್ತಿಗೆ ಭವಿಷ್ಯನಿಧಿ ಮತ್ತು ಇಂಧನದ ಬಾಕಿ ತೀರಿಸಲು ನಾಲ್ಕೂ ನಿಗಮಗಳು ಒಟ್ಟು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಡಬೇಕಾಯಿತು. 2025ರ ಆಗಸ್ಟ್ 5ರಂದು 38 ತಿಂಗಳ ವೇತನ ಬಾಕಿಗಾಗಿ ನೌಕರರು ಮತ್ತೆ ಬಸ್ಸು ನಿಲ್ಲಿಸಿದರು. ತಪ್ಪು ಯಾರದೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಡೀಸೆಲ್ಲಿಗೆ ಮತ್ತು ಸಂಬಳಕ್ಕೆ ಸಾಲ ಎತ್ತುವ ಸಂಸಾರ ನೆಮ್ಮದಿಯದಲ್ಲ ಎಂಬುದು ಎಲ್ಲ ಪಾಲಕರಿಗೂ ಗೊತ್ತು.

ಹಣ ತಡೆತಡೆದು ಬಂದರೆ ಏನಾಗುತ್ತದೆ ಎಂಬುದಕ್ಕೆ ರೈಲಿನದೂ ಒಂದು ಉದಾಹರಣೆಯಿದೆ. ಕಲಬುರಗಿ–ಬೀದರ್ ಮಾರ್ಗದ ಉದ್ದ 110 ಕಿಲೋಮೀಟರ್. 1990ರ ದಶಕದ ಕೊನೆಯಲ್ಲಿ ಮಂಜೂರಾದ ಆ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ವೆಚ್ಚ 1,542 ಕೋಟಿ ರೂಪಾಯಿ ಆಗಿತ್ತು. ಮಂಜೂರಾದ ವರ್ಷ ಹುಟ್ಟಿದ ಮಗು ರೈಲು ಬರುವಾಗ ಕಾಲೇಜು ಸೇರಿತ್ತು! ವರ್ಷಕ್ಕಿಷ್ಟು ಚೂರು ಹಣ ಸಿಕ್ಕರೆ ಕೆಲಸ ಅಗ್ಗವಾಗುವುದಿಲ್ಲ, ದುಬಾರಿಯಾಗುತ್ತದೆ.

ಸಾರಿಗೆಗಾಗಿ ಧ್ವನಿಯೆತ್ತಿದ ವ್ಯಾಪಾರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕಲಬುರಗಿಗೆ ಪ್ರತ್ಯೇಕ ರೈಲ್ವೆ ವಿಭಾಗ ಬೇಕೆಂದು ಅಲ್ಲಿನ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ವರ್ಷಗಳಿಂದ ಮನವಿ ಕೊಡುತ್ತ ಬಂದಿದೆ. 1984ರಲ್ಲೇ ಸರಿನ್ ಸಮಿತಿ ಇದನ್ನು ಶಿಫಾರಸು ಮಾಡಿತ್ತು. 2014ರಲ್ಲಿ ಘೋಷಣೆಯಾಗಿ ಅಡಿಗಲ್ಲೂ ಬಿತ್ತು. ಹತ್ತು ವರ್ಷ ಕಳೆದರೂ ಅಡಿಗಲ್ಲು ಅಡಿಗಲ್ಲಾಗಿಯೇ ಉಳಿಯಿತು. ಒಮ್ಮೆ ಘೋಷಣೆ ಕೇಳಿ ಪಡೆದರೆ ಸಾಲದು, ಅದರ ಹಿಂದಿನ ಹಣವನ್ನೂ ಕೇಳಬೇಕೆಂಬುದು ಇದರಿಂದ ಕಲಿಯುವ ಪಾಠ.

ವ್ಯಾಪಾರಿಗಳೇ ಹೆಗಲು ಕೊಟ್ಟಾಗ

ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದರ ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೊಸಿಸ್ ಪ್ರತಿಷ್ಠಾನ 100 ಕೋಟಿ ರೂಪಾಯಿ, ಹೆಬ್ಬಗೋಡಿ ನಿಲ್ದಾಣಕ್ಕೆ ಬಯೋಕಾನ್ ಪ್ರತಿಷ್ಠಾನ 65 ಕೋಟಿ ರೂಪಾಯಿ ಕೊಡಲು ಮುಂದೆ ಬಂದವು. ತಮ್ಮ ನೌಕರರು ಸಮಯಕ್ಕೆ ಬಂದರೆ ತಮಗೇ ಲಾಭವೆಂದು ಅವರಿಗೆ ಗೊತ್ತು. ಮೆಚ್ಚತಕ್ಕದ್ದೇ. ಆದರೆ ಇದು ಬಸ್ಸನ್ನು ಹೊರಡಿಸುವ ಬಲ, ಓಡಿಸುತ್ತಿರುವ ಬಲವಲ್ಲ.

ಓಡಿಸುತ್ತಿರುವ ಬಲಕ್ಕೆ ಫ್ರಾನ್ಸ್ ದೇಶದ ಉದಾಹರಣೆ ನೋಡಿ. ಅಲ್ಲಿ 1971ರಲ್ಲಿ ಪ್ಯಾರಿಸ್ ಭಾಗಕ್ಕೆ, 1973ರಿಂದ ಇತರ ನಗರಗಳಿಗೂ ಒಂದು ತೆರಿಗೆ ಬಂತು. ಈಗಿನ ನಿಯಮದಂತೆ, ಈ ತೆರಿಗೆ ಇರುವ ಊರುಗಳಲ್ಲಿ 11 ಅಥವಾ ಹೆಚ್ಚು ನೌಕರರಿರುವ ಮಾಲೀಕರು ತಾವು ಕೊಡುವ ಸಂಬಳದ ಮೊತ್ತದ ಮೇಲೆ ಸಣ್ಣ ಪ್ರಮಾಣದ ಹಣವನ್ನು ಊರಿನ ಸಾರಿಗೆಗೆಂದೇ ಕಟ್ಟುತ್ತಾರೆ. ಆ ಹಣ ಹೊಸ ಟ್ರಾಮಿಗಷ್ಟೇ ಅಲ್ಲ, ದಿನದಿನದ ಓಡಾಟಕ್ಕೂ ಸಲ್ಲುತ್ತದೆ.

ಲಂಡನ್ನಿನಲ್ಲಿ ಕ್ರಾಸ್‌ರೈಲ್ ಎಂಬ ದೊಡ್ಡ ರೈಲು ಯೋಜನೆಗಾಗಿ ದೊಡ್ಡ ವ್ಯಾಪಾರಿ ಕಟ್ಟಡಗಳ ಮೇಲೆ 2010ರ ಏಪ್ರಿಲ್‌ನಿಂದ ಹೆಚ್ಚುವರಿ ತೆರಿಗೆ ಹಾಕಿದರು. ಅಲ್ಲಿನ ಪ್ರಮುಖ ವ್ಯಾಪಾರಿ ಸಂಘಟನೆ ಅದನ್ನು ಬೆಂಬಲಿಸಿತು! ರೈಲು 2022ರ ಮೇ 24ರಂದು ಓಡಿತು. ತೆರಿಗೆ ಕಟ್ಟುತ್ತೇವೆ, ಆದರೆ ಅದು ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತಾಗಲಿ ಎಂಬುದು ಜಾಣ ವ್ಯಾಪಾರಿಯ ಲಕ್ಷಣ.

ನಮ್ಮವರು ಕೇಳಬೇಕಾದದ್ದೇನು?

ದಂಡೋತಿಯ ಚಹಾದಂಗಡಿಗೆ ಲಂಡನ್ನಿನ ತೆರಿಗೆ ಹಾಕಿರೆಂದು ನಾನು ಹೇಳುತ್ತಿಲ್ಲ. ಆದರೆ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ, ಚಿಂಚೋಳಿಗಳ ಕಿರಾಣಿ, ಬಟ್ಟೆ, ಔಷಧಿ, ಹೋಟೆಲ್ ವ್ಯಾಪಾರಿಗಳು ಒಂದೇ ಮನವಿಗೆ ಸಹಿ ಹಾಕಬಹುದಲ್ಲ? ಸಾಮಾನ್ಯವಾಗಿ ನಮ್ಮ ಮನವಿಗಳು ‘ಹೊಸ ಬಸ್ಸು ಕೊಡಿ’ ಎಂದಿರುತ್ತವೆ. ಅದರ ಜೊತೆಗೆ ಮೂರು ಮಾತು ಸೇರಲಿ.

ಮೊದಲನೆಯದು: ಶಕ್ತಿ ಯೋಜನೆಯ ಹಣ ಮತ್ತು ವಿದ್ಯಾರ್ಥಿ ಪಾಸಿನ ಹಣ ಪ್ರತಿ ತಿಂಗಳು ಗೊತ್ತಾದ ದಿನಾಂಕಕ್ಕೆ ಪೂರ್ತಿಯಾಗಿ ನಿಗಮಕ್ಕೆ ತಲುಪಲಿ.

ಎರಡನೆಯದು: ಆದಾಯ ಕಡಿಮೆ ಇದ್ದರೂ ಶಾಲೆ, ಆಸ್ಪತ್ರೆ, ಸಂತೆಗೆ ಬೇಕೇ ಬೇಕಾದ ಟ್ರಿಪ್ಪುಗಳನ್ನು ಗುರುತಿಸಿ, ಅವುಗಳ ನಷ್ಟ ತುಂಬಲು ಒಂದೇ ವರ್ಷಕ್ಕಲ್ಲ, ಮೂರು–ನಾಲ್ಕು ವರ್ಷಕ್ಕೆ ಮೊದಲೇ ಹಣ ಗೊತ್ತು ಮಾಡಲಿ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗಕ್ಕೇ ಒಂದು ಅಭಿವೃದ್ಧಿ ಮಂಡಳಿ ಇದೆ. ಕಟ್ಟಡಗಳ ಜೊತೆಗೆ ಕಟ್ಟಡಕ್ಕೆ ಮಕ್ಕಳನ್ನು ತಲುಪಿಸುವ ಬಸ್ಸಿನ ಮಾತೂ ಅಲ್ಲಿ ನಡೆಯಲಿ.

ಮೂರನೆಯದು: ಯಾವ ಮಾರ್ಗದಲ್ಲಿ ಎಷ್ಟು ಟ್ರಿಪ್ಪು ಗೊತ್ತಾಗಿತ್ತು, ಎಷ್ಟು ಓಡಿತು ಎಂಬ ಪಟ್ಟಿ ಪ್ರತಿ ತಿಂಗಳು ನಿಲ್ದಾಣದ ಗೋಡೆಯ ಮೇಲಿರಲಿ. ಹಣ ಖಾತ್ರಿಯಾದರೆ ಲೆಕ್ಕವೂ ಖಾತ್ರಿಯಾಗಬೇಕು. ಇಲ್ಲದಿದ್ದರೆ ಅದು ನಿಜಾಮರ ಕಾಲದ ಗ್ಯಾರಂಟಿಯಂತೆ ಕಂಪನಿಗೆ ಖಾತ್ರಿ, ಪ್ರಯಾಣಿಕನಿಗೆ ನಿರೀಕ್ಷೆ ಎಂದಾದೀತು.

ವ್ಯಾಪಾರಿಗಳು ಕೇಳುವುದರ ಜೊತೆಗೆ ಕೊಡಲೂಬಹುದು. ನಿಲ್ದಾಣಕ್ಕೊಂದು ದೀಪ, ಕುಡಿಯುವ ನೀರು, ವೇಳಾಪಟ್ಟಿಯ ಒಂದು ಹಲಗೆ, ಇವು ದೊಡ್ಡ ಖರ್ಚಲ್ಲ.

ವಿದ್ಯಾರ್ಥಿಗಳಿಗೊಂದು ಕೆಲಸ

ಅಂಕಿ ಇಲ್ಲದ ಮನವಿ ಉಪ್ಪಿಲ್ಲದ ಸಾರು. ಆ ಅಂಕಿಯನ್ನು ನೀವು ಕೂಡಿಸಬಹುದು. ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ದಿನಾಂಕ, ಬಸ್ಸು ಬರಬೇಕಾದ ವೇಳೆ, ಬಂದ ವೇಳೆ, ಹತ್ತಿದವರು, ಇಳಿದವರು. ನಾಲ್ಕು ವಾರ ಬಿಡದೆ ಬರೆಯಿರಿ. ನಿಲ್ದಾಣದ ಅಂಗಡಿಯವರನ್ನು ವಿನಯದಿಂದ ಕೇಳಿ, ಬಸ್ಸು ಬಂದ ದಿನ ಮತ್ತು ಬಾರದ ದಿನ ಎಷ್ಟು ಲೀಟರ್ ಹಾಲು ಖರ್ಚಾಯಿತೆಂದು ಪಕ್ಕದಲ್ಲಿ ಬರೆದುಕೊಳ್ಳಿ. ಆಮೇಲೆ ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದು ನೋಡಿ. ಒಂದು ಇಳಿದಾಗ ಇನ್ನೊಂದೂ ಇಳಿಯುತ್ತದೆಯೇ? ನಾನು ಉತ್ತರ ಹೇಳುವುದಿಲ್ಲ. ವಿಜ್ಞಾನದಲ್ಲಿ ಮಾಸ್ತರರ ಮಾತಿಗಿಂತ ಅಳತೆಯ ಮಾತು ದೊಡ್ಡದು.

ಪಾಲಕರೇ, ಮಗಳ ಕಾಲೇಜು ಬಿಡಿಸುವ ಮಾತಾಡುವ ಮೊದಲು ಆ ಹಾಳೆಯನ್ನು ಒಮ್ಮೆ ತೆಗೆದುಕೊಂಡು ಪೇಟೆಯ ಅಂಗಡಿಯವರ ಬಳಿ ಹೋಗಿ. ನಿಮ್ಮ ಚಿಂತೆ ಮತ್ತು ಅವರ ಚಿಂತೆ ಒಂದೇ ಎಂದು ಅವರಿಗೂ ತಿಳಿಯಲಿ.

ಮೊನ್ನೆ ಕಾಕಾನಿಗೆ ಈ ಮನವಿಯ ವಿಷಯ ಹೇಳಿದೆ. ಚಹಾ ಸೋಸುತ್ತಲೇ, “ಬರೀರಿ ಸರ್, ಮೊದಲ ಸಹಿ ನಂದೇ” ಎಂದರು. ಅಷ್ಟರಲ್ಲಿ ಬಸ್ಸು ಬಂತು. ಪಾತೇಲಿಗೆ ಇನ್ನೊಂದು ಲೀಟರ್ ಹಾಲು ಬಿತ್ತು.